ಸದ್ಯಕ್ಕೆ ಇರ್ಲಿ ಬಿಡು...

ಮೊನ್ನೆ ಶುಕ್ರವಾರ ಸಂಜೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವ ಹೊತ್ತಿಗೆ ಸರಿಯಾಗಿ ನನ್ನ ಹೆಸರಿಗೆ ಒಂದು ಟಿಕೆಟ್ ಬಿತ್ತು. ಸಾಫ್ಟ್‌ವೇರಿನವರಿಗೆ ಶುಕ್ರವಾರ ಸಂಜೆಯ ಟಿಕೆಟ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು ಮಾಡಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದ ಮೇಲೆ ಕಂಡಕ್ಟರ್ ಬಂದು "ಇದು ಡಿಪೋಗೆ ಹೋಗುತ್ತೆ, ಎಲ್ಲಾ ಇಳೀರಿ" ಅಂದ ಹಾಗೆ.

ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು. ಒಂದು ವಿನಾಯಿತಿಯ ಅವಧಿ ಮುಗಿದಾಗ, ಅದಕ್ಕೆ ಒಪ್ಪಿಗೆ ಕೊಡಬೇಕಾದ ಅಧಿಕಾರಿ ಏಳು ದಿನದೊಳಗೆ ಹೂಂ ಅನ್ನದೆ ಊಹೂಂ ಅನ್ನದೆ ಸುಮ್ಮನಿದ್ದರೆ, ಸಿಸ್ಟಮ್ ತಾನಾಗಿಯೇ ಅವಧಿಯನ್ನು ಇನ್ನು 90 ದಿನ ಮುಂದಕ್ಕೆ ಹಾಕಬೇಕು. ಅಷ್ಟೇ. ಹತ್ತು ಸಾಲಿನ ಕೋಡ್. ಟೆಸ್ಟಿಂಗ್ ಎಲ್ಲ ಸೇರಿ ಅರ್ಧ ದಿನದ ಕೆಲಸ.

ಯಾವುದರ ವಿನಾಯಿತಿ ಅಂತ ಹೇಳಬೇಕಲ್ಲ... ನಮ್ಮ ತಂಡ ಬೆಂಗಳೂರಿನಲ್ಲಿ ಕೂತು ಒಂದು ತೈಲ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತದೆ. ಯಾವ ಕಂಪನಿ, ಯಾವ ದೇಶ ಅಂತ ಕೇಳಬೇಡಿ, ಹೇಳಿದರೆ ನನಗೆ ಯಾವ ವಿನಾಯಿತಿಯೂ ಸಿಗುವುದಿಲ್ಲ :) ಆ ಕಂಪನಿಯ ಬಾವಿಗಳ ಹತ್ತಿರ, ಪ್ಲಾಟ್‌ಫಾರ್ಮುಗಳ ಮೇಲೆ ಏನನ್ನಾದರೂ ಬದಲಾಯಿಸಬೇಕು ಅಂದರೆ ಮೊದಲು ನಮ್ಮ ಸ್ಕ್ರೀನ್‌ನಲ್ಲಿ ಅರ್ಜಿ ಹಾಕಬೇಕು. ಇದಕ್ಕೆ ಆ ಉದ್ಯಮದಲ್ಲಿ 'ಮ್ಯಾನೇಜ್‌ಮೆಂಟ್ ಆಫ್ ಚೇಂಜ್' ಅಂತಾರೆ, ಬಾಯಲ್ಲಿ ಎಮ್‌ಒಸಿ. ಪೈಪು ಬದಲಾದರೂ ಎಮ್‌ಒಸಿ, ಪ್ರೊಸೀಜರ್ ಬದಲಾದರೂ ಎಮ್‌ಒಸಿ, ಆ ಕೆಲಸ ನೋಡಿಕೊಳ್ಳುವ ಮನುಷ್ಯ ಬದಲಾದರೂ ಎಮ್‌ಒಸಿ. ಇದರ ತಮ್ಮನಂತೆ ಇನ್ನೊಂದು ಪುಟ ಇದೆ, ಅದು ವಿನಾಯಿತಿಯದ್ದು. "ಇಂಥ ಸುರಕ್ಷತಾ ನಿಯಮವನ್ನು ಈಗ ಪಾಲಿಸಲು ಆಗುತ್ತಿಲ್ಲ, ಬಿಡಿಭಾಗ ಬರುವ ತನಕ ಇಷ್ಟು ದಿನ ಬಿಟ್ಟುಕೊಡಿ, ಅಲ್ಲಿಯತನಕ ಬದಲಿಗೆ ಇಂಥ ಎಚ್ಚರಿಕೆ ವಹಿಸುತ್ತೇವೆ" ಅಂತ ಕೇಳುವ ಪುಟ. ನನ್ನ ಪಾಲಿಗೆ ಬಂದಿರುವುದು ಈ ತಮ್ಮ.

ಸೋಮವಾರ ಬೆಳಿಗ್ಗೆ ಮಾಡಿ ಮುಗಿಸಬಹುದಾದ ಕೆಲಸವನ್ನು ನಾನು ಶನಿವಾರ, ಭಾನುವಾರ ಎರಡೂ ದಿನ ತಲೆಗೆ ಹಚ್ಚಿಕೊಂಡು ಕೂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

*

ನಮ್ಮ ಅಜ್ಜನ ಮನೆ ಸಾಗರದ ಹತ್ತಿರ. ಮಳೆಗಾಲದಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಚಿಕ್ಕವನಿದ್ದಾಗ ಒಂದು ರಾತ್ರಿ ಫ್ಯೂಸ್ ಹೋಯಿತು. ಫ್ಯೂಸ್ ತಂತಿ ಮನೆಯಲ್ಲಿ ಇರಲಿಲ್ಲ. ಅಜ್ಜ ಟಾರ್ಚ್ ಹಿಡಿಯಲು ನನಗೆ ಹೇಳಿ, ಹಳೇ ವೈರಿನಿಂದ ಒಂದು ದಪ್ಪ ತಾಮ್ರದ ಎಳೆ ಕಿತ್ತು ಕಟ್ಟಿದರು. ಆಗಲೇ ವಿಜ್ಞಾನದ ಪಾಠದಲ್ಲಿ ಫ್ಯೂಸ್ ಬಂದಿತ್ತಲ್ಲ, ನಾನು ಜಾಣತನ ತೋರಿಸಿದೆ, "ಅಜ್ಜ, ಇದು ದಪ್ಪ ಆಯ್ತು, ಸುಡೋದೇ ಇಲ್ಲ." ಅಜ್ಜ ಹೇಳಿದ್ದು, "ಸದ್ಯಕ್ಕೆ ಇರ್ಲಿ ಬಿಡೋ, ನಾಡಿದ್ದು ಪೇಟೆಗೆ ಹೋದಾಗ ತಂದ್ರಾಯ್ತು." ಆ ತಾಮ್ರದ ತಂತಿ ನಾನು ಇಂಜಿನಿಯರಿಂಗ್ ಮುಗಿಸುವ ತನಕ ಅಲ್ಲೇ ಇತ್ತು. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದೇ ಅದು ಅಲ್ಲಿ ಉಳಿದುಕೊಳ್ಳಲು ಕಾರಣ.

ಎಮ್‌ಒಸಿ ಅನ್ನುವ ಪದ್ಧತಿ ಕಾರ್ಖಾನೆಗಳಿಗೆ ಬಂದದ್ದೂ ಇಂಥದ್ದೇ ಒಂದು ಸದ್ಯಕ್ಕೆ-ಇರ್ಲಿಯಿಂದ ಅಂತ ಓದಿದಾಗ ನನಗೆ ಅಜ್ಜನ ಫ್ಯೂಸ್ ಬಾಕ್ಸ್ ನೆನಪಾಗಿತ್ತು. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ ನೈಲಾನಿನ ಕಚ್ಚಾವಸ್ತು ಮಾಡುವ ಕಾರ್ಖಾನೆ. ಸಾಲಾಗಿ ಆರು ರಿಯಾಕ್ಟರುಗಳು. 1974ರ ಮಾರ್ಚ್‌ನಲ್ಲಿ ಐದನೆಯದರಲ್ಲಿ ಬಿರುಕು ಕಂಡಿತು. ಉತ್ಪಾದನೆ ನಿಲ್ಲಬಾರದು ಅಂತ ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ 20 ಇಂಚಿನ ಪೈಪೊಂದನ್ನು ತಾತ್ಕಾಲಿಕವಾಗಿ ಕೂರಿಸಿದರು. ಅದರ ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಜೂನ್ 1ರಂದು ಆ ಪೈಪು ಹರಿದು, ಆವಿ ಹೊತ್ತಿ, 28 ಜನ ಸತ್ತರು. ಅದಾದ ಮೇಲೆಯೇ 'ಬದಲಾವಣೆ ಅಂದರೆ ಅದೂ ಒಂದು ಅಪಾಯ, ಅದನ್ನು ಬರೆದಿಟ್ಟು, ಬೇರೆಯವರ ಕೈಯಲ್ಲಿ ನೋಡಿಸಿ ಮಾಡಬೇಕು' ಅನ್ನುವ ಮಾತು ಗಟ್ಟಿಯಾದದ್ದು.

ಅಮೆರಿಕದಲ್ಲಿ ಇದು 1992ರಲ್ಲಿ ಕಾನೂನೇ ಆಯಿತು. ಅಪಾಯಕಾರಿ ರಾಸಾಯನಿಕ ಇರುವ ಕಾರ್ಖಾನೆಗಳೆಲ್ಲ ಎಮ್‌ಒಸಿ ಪಾಲಿಸಲೇಬೇಕು ಅಂತ ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ನಿಯಮ ಮಾಡಿತು. ಈಗ ತಮಾಷೆ ಕೇಳಿ. ಆ ನಿಯಮದ ಆರಂಭದಲ್ಲೇ, ಇದು ಯಾರಿಗೆಲ್ಲ ಅನ್ವಯಿಸುವುದಿಲ್ಲ ಅನ್ನುವ ಪಟ್ಟಿ ಇದೆ. ಅದರಲ್ಲಿ ಎಣ್ಣೆ ಮತ್ತು ಅನಿಲ ಬಾವಿ ಕೊರೆಯುವ ಕೆಲಸವೂ ಒಂದು! ಬದಲಾವಣೆಗೆ ಕಡಿವಾಣ ಹಾಕುವ ನಿಯಮದಿಂದಲೇ ಬಾವಿ ಕೊರೆಯುವವರಿಗೆ ವಿನಾಯಿತಿ.

*

ಈಗ 2010ಕ್ಕೆ ಬರೋಣ. ನಾನಾಗ ಸ್ಕೂಲು. ಟೀವಿಯಲ್ಲಿ ಸಮುದ್ರದ ತಳದಿಂದ ಕಂದು ಬಣ್ಣದ ಎಣ್ಣೆ ಬುಸುಬುಸು ಅಂತ ಉಕ್ಕುವುದನ್ನು ದಿನಾ ತೋರಿಸುತ್ತಿದ್ದರು, ಅಷ್ಟು ನೆನಪಿದೆ. ಈ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಡೊಮೇನ್ ಟ್ರೈನಿಂಗಿನಲ್ಲಿ ಅದರ ವಿಚಾರಣಾ ಆಯೋಗದ ವರದಿ ಓದಲು ಕೊಟ್ಟರು. ಜನ ಪತ್ತೇದಾರಿ ಕಾದಂಬರಿ ಓದಿದ ಹಾಗೆ ನಾನು ಅದನ್ನು ಓದಿದೆ. ಫರಕು ಇಷ್ಟೇ, ಇಲ್ಲಿ ಕೊಲೆಗಾರ ಅಂತ ಒಬ್ಬ ಸಿಗುವುದಿಲ್ಲ.

ಮೆಕ್ಸಿಕೋ ಕೊಲ್ಲಿಯಲ್ಲಿ ಸುಮಾರು ಐದು ಸಾವಿರ ಅಡಿ ನೀರಿನ ಕೆಳಗೆ ಬಿಪಿ ಕಂಪನಿಯ ಮಕಾಂಡೋ ಎಂಬ ಬಾವಿ. ಕೊರೆಯುತ್ತಿದ್ದದ್ದು ಡೀಪ್‌ವಾಟರ್ ಹೊರೈಜನ್ ಎಂಬ ರಿಗ್. ಏಪ್ರಿಲ್ ಹೊತ್ತಿಗೆ ಕೆಲಸ ಆರು ವಾರದಷ್ಟು ಹಿಂದೆ ಬಿದ್ದಿತ್ತು, ಖರ್ಚು ಅಂದಾಜಿಗಿಂತ 5.8 ಕೋಟಿ ಡಾಲರ್‌ನಷ್ಟು ಮೇಲೆ ಹೋಗಿತ್ತು. ಬಾವಿ ಕೊರೆದಾಗಿದೆ, ಸಿಮೆಂಟ್ ಹಾಕಿ ಮುಚ್ಚಿ ರಿಗ್ ಬೇರೆ ಕಡೆ ಹೋಗಬೇಕು, ಆಮೇಲೆ ಇನ್ನೊಂದು ರಿಗ್ ಬಂದು ಎಣ್ಣೆ ತೆಗೆಯುತ್ತದೆ. ಹೀಗೆ ಸದ್ಯಕ್ಕೆ ಮುಚ್ಚಿಡುವುದಕ್ಕೆ ಅಲ್ಲಿಯ ಹೆಸರೇ 'ಟೆಂಪರರಿ ಅಬಾಂಡನ್‌ಮೆಂಟ್'. ತಾತ್ಕಾಲಿಕ!

ಹೀಗೆ ಮುಚ್ಚುವಾಗ ಬಾವಿಯ ಮೇಲ್ಭಾಗದಲ್ಲೊಂದು ಸಿಮೆಂಟ್ ಬಿರಡೆ ಕೂರಿಸಬೇಕು. ಸಾಮಾನ್ಯ ನಿಯಮದ ಪ್ರಕಾರ ಅದು ಸಮುದ್ರತಳದಿಂದ ಸಾವಿರ ಅಡಿಗಿಂತ ಕೆಳಗೆ ಇರಬಾರದು. ಬಿಪಿ ಅದನ್ನು ಸುಮಾರು 3,300 ಅಡಿ ಕೆಳಗೆ ಕೂರಿಸುತ್ತೇವೆ ಅಂತ ಕೇಳಿತು. ಕಾರಣ ಇತ್ತು, ಬಾವಿಯ ಬಾಯಿಗೆ ಹಾಕುವ ಒಂದು ಬೀಗದಂಥ ಸಾಧನವನ್ನು ಕೊನೆಯಲ್ಲಿ ಕೂರಿಸಬೇಕಿತ್ತು, ಅದನ್ನು ಅದುಮಲು ಕೆಳಗೆ ಉದ್ದ ಪೈಪು ತೂಗುಹಾಕಲು ಜಾಗ ಬೇಕಿತ್ತು. ಆದರೆ ಬಿರಡೆ ಅಷ್ಟು ಆಳಕ್ಕೆ ಹೋಯಿತು ಅಂದರೆ ಅದರ ಮೇಲಿನ ಭಾರದ ಡ್ರಿಲ್ಲಿಂಗ್ ಮಡ್ ಅಷ್ಟನ್ನೂ ತೆಗೆದು ಹಗುರವಾದ ಸಮುದ್ರದ ನೀರು ತುಂಬಬೇಕು. ಕೆಳಗಿನ ಅನಿಲವನ್ನು ಒತ್ತಿ ಹಿಡಿದಿದ್ದದ್ದು ಆ ಮಡ್‌ನ ತೂಕವೇ. ಬಿರಡೆ ಕೂರಿಸುವ ಮೊದಲೇ ಆ ತೂಕ ತೆಗೆಯುವ ಯೋಜನೆ ಅದು. ನಿಯಮದಲ್ಲಿ 'ಬೇರೆ ವಿಧಾನಕ್ಕೆ ಇಲಾಖೆ ಒಪ್ಪಿಗೆ ಕೊಡಬಹುದು' ಅನ್ನುವ ಬಾಗಿಲು ಇತ್ತು. ಏಪ್ರಿಲ್ 16ರಂದು ಅರ್ಜಿ ಹೋಯಿತು. ಇಲಾಖೆ ಒಪ್ಪಿಗೆ ಕೊಡಲು ತೆಗೆದುಕೊಂಡ ಸಮಯ ತೊಂಬತ್ತು ನಿಮಿಷಕ್ಕಿಂತ ಕಡಿಮೆ.

ನಾವು ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಜಾಗ ಬದಲಾಯಿಸಲು ಅರ್ಜಿ ಕೊಟ್ಟರೆ ಇದಕ್ಕಿಂತ ಹೆಚ್ಚು ಹೊತ್ತು ಕೂರಿಸುತ್ತಾರೆ.

ಇನ್ನು ಬದಲಾವಣೆಗಳ ಕತೆ. ಬಾವಿಯೊಳಗೆ ಇಳಿಸುವ ಉಕ್ಕಿನ ಕೊಳವೆ ತೂತಿನ ನಟ್ಟನಡುವೆ ನಿಂತರೆ ಸುತ್ತಲೂ ಸಿಮೆಂಟ್ ಸಮನಾಗಿ ಹರಡುತ್ತದೆ. ಹಾಗೆ ನಡುವೆ ಹಿಡಿದು ನಿಲ್ಲಿಸಲು ಸೆಂಟ್ರಲೈಜರ್ ಎಂಬ ಬಳೆಯಂಥ ಸಾಧನ ಹಾಕುತ್ತಾರೆ. ಸಿಮೆಂಟ್ ಕಂಪನಿಯ ಲೆಕ್ಕ 21 ಬೇಕು ಅಂದಿತ್ತು. ಕೈಯಲ್ಲಿದ್ದದ್ದು 6. ಇನ್ನೂ 15ನ್ನು ಹೆಲಿಕಾಪ್ಟರಿನಲ್ಲಿ ತರಿಸಿದರು, ಬಂದ ಮೇಲೆ ಇವು ಸರಿಯಾದ ಜಾತಿಯವಲ್ಲ ಅಂತ ಅನ್ನಿಸಿ ಆರಕ್ಕೇ ಮುಗಿಸಿದರು. ಸಿಮೆಂಟ್ ಸರಿಯಾಗಿ ಕೂತಿದೆಯೇ ಎಂದು ಅಳೆಯುವ ತಂಡವನ್ನು ಏಪ್ರಿಲ್ 20ರ ಬೆಳಿಗ್ಗೆ ಅಳತೆ ಮಾಡಿಸದೆಯೇ ವಾಪಸು ಕಳಿಸಿದರು. ಬಾವಿ ಮುಚ್ಚುವ ಕ್ರಮವನ್ನು ಏಪ್ರಿಲ್ 12ರಿಂದ 20ರ ತನಕ ಮತ್ತೆ ಮತ್ತೆ ತಿದ್ದಿದರು. ಕೊನೆಯ ತಿದ್ದುಪಡಿ ರಿಗ್‌ಗೆ ಇಮೇಲ್‌ನಲ್ಲಿ ಹೋದದ್ದು 20ರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ. ಅದೇ ರಾತ್ರಿ ಹತ್ತು ಗಂಟೆ ಹೊಡೆಯುವ ಮೊದಲು ರಿಗ್ ಸ್ಫೋಟಿಸಿತು. ಹನ್ನೊಂದು ಜನ ಸತ್ತರು. ಬಾವಿಯ ಬಾಯಿ ಕಟ್ಟಲು 87 ದಿನ ಬೇಕಾಯಿತು.

ಈ ತಿದ್ದುಪಡಿಗಳಿಗೆಲ್ಲ ಎಮ್‌ಒಸಿ ಮಾಡಿದ್ದರೇ? ಆಯೋಗದ ವರದಿಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸಿದ್ದು ಇದೇ ಜಾಗ. ಬಾವಿಯ ವಿನ್ಯಾಸ ಬದಲಾದರೆ ಬಿಪಿಯಲ್ಲಿ ಎಮ್‌ಒಸಿ ಇತ್ತು, ಗಂಭೀರವಾಗಿಯೇ ಇತ್ತು. ಆದರೆ ಕೊರೆಯುವ, ಮುಚ್ಚುವ ವಿಧಾನವನ್ನು ಕೊನೆಯ ದಿನಗಳಲ್ಲಿ ಬದಲಾಯಿಸಿದರೆ ಅದು ಆ ಜಾಲದೊಳಕ್ಕೆ ಬರುತ್ತಲೇ ಇರಲಿಲ್ಲ. ಅಂದರೆ ಆರು ತಿಂಗಳು ಮೊದಲು ಮಾಡುವ ಬದಲಾವಣೆಗೆ ಹತ್ತು ಸಹಿ, ಹನ್ನೊಂದು ಗಂಟೆ ಮೊದಲು ಮಾಡುವ ಬದಲಾವಣೆಗೆ ಒಂದು ಇಮೇಲ್. ಸಾಫ್ಟ್‌ವೇರಿನವರು ಇದನ್ನು ಓದಿ ನಗಬಹುದು, ಯಾಕೆಂದರೆ ನಮ್ಮಲ್ಲೂ ಅಷ್ಟೇ. ದೊಡ್ಡ ಫೀಚರಿಗೆ ನಾಲ್ಕು ಜನ ಕೂತು ರಿವ್ಯೂ, ರಾತ್ರಿ ಹನ್ನೆರಡಕ್ಕೆ ಪ್ರೊಡಕ್ಷನ್‌ನಲ್ಲಿ ಮಾಡುವ ಹಾಟ್‌ಫಿಕ್ಸ್‌ಗೆ "ನೋಡಿಕೊಂಡು ಹಾಕು ಗುರು" ಅಷ್ಟೇ.

ಆ ರಿಗ್‌ನದ್ದೇ ಇನ್ನೊಂದು ವಿಷಯ. ಎಲೆಕ್ಟ್ರಾನಿಕ್ಸ್ ಮುಖ್ಯಸ್ಥನಾಗಿದ್ದ ತಂತ್ರಜ್ಞ 2010ರ ಜುಲೈನಲ್ಲಿ ವಿಚಾರಣೆಯ ಮುಂದೆ ಸಾಕ್ಷಿ ಹೇಳಿದ, ರಿಗ್‌ನ ಸಾಮಾನ್ಯ ಅಲಾರಾಂ ತಾನಾಗಿ ಹೊಡೆಯದಂತೆ ತಡೆದಿಟ್ಟಿದ್ದರು ಅಂತ. ಯಾಕೆ? ಸುಳ್ಳು ಅಲಾರಾಂ ಹೊಡೆದು ಬೆಳಗಿನ ಜಾವ ಮೂರಕ್ಕೆ ಜನರ ನಿದ್ದೆ ಕೆಡಬಾರದು ಅಂತ. ಹನ್ನೆರಡು ಗಂಟೆ ಶಿಫ್ಟ್ ಮಾಡಿ ಮಲಗಿದವರ ನಿದ್ದೆ. ಇದರಲ್ಲಿ ದುಷ್ಟತನ ಎಲ್ಲಿದೆ ಹೇಳಿ? ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

*

ಈ ವಿನಾಯಿತಿಗಳ ಸ್ವಭಾವವೇ ಹಾಗೆ. ಹುಟ್ಟುವಾಗ ಒಳ್ಳೆಯ ಉದ್ದೇಶಕ್ಕೇ ಹುಟ್ಟುತ್ತವೆ, ಹೆಚ್ಚಿನ ಸಲ ಯಾರನ್ನೋ ಕಾಪಾಡಲಿಕ್ಕೇ. ಆಮೇಲೆ ಮೈ ಬೆಳೆಸಿಕೊಳ್ಳುತ್ತವೆ.

ಬ್ರಿಟನ್ನಿನ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್ ನೋಡಿ. 1988ರ ಜುಲೈ 6ರ ರಾತ್ರಿ ಉರಿದು 167 ಜನ ಸತ್ತರು. ಬೆಂಕಿ ಆರಿಸುವ ಪಂಪುಗಳು ಅಲ್ಲಿ ಇದ್ದವು, ಕೆಟ್ಟೂ ಇರಲಿಲ್ಲ. ಅವನ್ನು ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಹಾಕಿದ್ದರು. ಯಾಕೆಂದರೆ ಸಮುದ್ರದೊಳಗೆ ಡೈವರ್‌ಗಳು ಕೆಲಸ ಮಾಡುತ್ತಿದ್ದರು, ಪಂಪು ದಿಢೀರನೆ ಶುರುವಾದರೆ ನೀರೆಳೆಯುವ ಬಾಯಿಗೆ ಮನುಷ್ಯ ಸಿಕ್ಕಿಬಿಡಬಹುದು. ಸರಿಯಾದ ಕಾರಣವೇ. ಆದರೆ ಡೈವರ್ ಆ ಬಾಯಿಯ ಹತ್ತಿರ ಇದ್ದಾಗ ಮಾತ್ರ ಬೇಕಾದ ಈ ವಿನಾಯಿತಿ, ಡೈವರ್ ನೀರಿಗಿಳಿದಾಗಲೆಲ್ಲ ಅಂತ ಆಗಿಹೋಗಿತ್ತು. ಹತ್ತಿರ ಇಲ್ಲದಿದ್ದರೆ ಆಟೋಮ್ಯಾಟಿಕ್‌ನಲ್ಲೇ ಇಡಿ ಅಂತ 1983ರಲ್ಲೇ ಒಂದು ಆಡಿಟ್ ಸಲಹೆ ಕೊಟ್ಟಿತ್ತು. ಸಲಹೆ ಫೈಲಿನಲ್ಲಿ ಉಳಿಯಿತು. ಆ ರಾತ್ರಿ ಪಂಪು ಶುರುಮಾಡಲು ಹೊರಟವರಿಗೆ ಹೊಗೆ, ಬೆಂಕಿ ದಾಟಿ ಅಲ್ಲಿಗೆ ತಲುಪಲಾಗಲಿಲ್ಲ.

ನಮ್ಮ ದೇಶದ್ದೂ ಒಂದು ಇದೆ, ಯಾಕೋ ನಮಗೆ ಅದು ಅಷ್ಟಾಗಿ ನೆನಪಿಲ್ಲ. 2005ರ ಜುಲೈ 26 ಅಂದರೆ ಮುಂಬೈ ಮಹಾಮಳೆ ಅಂತ ಎಲ್ಲರಿಗೂ ಗೊತ್ತು. ಮರುದಿನ, ಜುಲೈ 27ರಂದು, ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮ್ ಸುಟ್ಟು ಸಮುದ್ರಕ್ಕೆ ಕುಸಿಯಿತು. ಶುರುವಾದದ್ದು ಎಲ್ಲಿಂದ ಗೊತ್ತೇ? ಸಮುದ್ರ ಸುರಕ್ಷಾ ಎಂಬ ಹಡಗಿನ ಅಡುಗೆಯವನೊಬ್ಬ ಬೆರಳ ತುದಿ ಕುಯ್ದುಕೊಂಡ. ಹವೆ ಕೆಟ್ಟಿದ್ದರಿಂದ ಹಡಗಿಗೆ ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಚಿಕಿತ್ಸೆ ಇತ್ತು. ಕ್ರೇನಿಗೆ ಬುಟ್ಟಿ ಕಟ್ಟಿ ಅವನನ್ನು ಮೇಲಕ್ಕೆತ್ತಬೇಕು. ಗಾಳಿಯ ಮರೆಯ ಕಡೆ ಇದ್ದ ಕ್ರೇನ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಗಾಳಿ, ಅಲೆ ನೇರ ಹೊಡೆಯುವ ಕಡೆಗೆ ಹಡಗು ಬಂತು. ಹಡಗನ್ನು ಜಾಗದಲ್ಲಿ ಹಿಡಿದಿಡುವ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟದ್ದರಿಂದ ಕೈಯಲ್ಲೇ ನಡೆಸಿಕೊಂಡು ಬಂದರು. ಅಡುಗೆಯವನನ್ನು ಮೇಲೆ ಹತ್ತಿಸಿದ್ದೂ ಆಯಿತು. ಆಮೇಲೆ ಅಲೆಗೆ ಹಡಗು ವಾಲಿ, ಸಮುದ್ರತಳದಿಂದ ಅನಿಲ ತರುವ ಕೊಳವೆಗೆ ಬಡಿಯಿತು. 22 ಜನ ಹೋದರು. ಎರಡು ಗಂಟೆಯೊಳಗೆ ಪ್ಲಾಟ್‌ಫಾರ್ಮೇ ಇರಲಿಲ್ಲ.

ಕೆಟ್ಟ ಕ್ರೇನ್ ಒಂದು ಕಡೆಯ ಪುಸ್ತಕದಲ್ಲಿ ಒಂದು ಸಾಲು. ಹಡಗಿನ ತೊಂದರೆ ಇನ್ನೊಂದು ಕಡೆ. ಆ ದಿನದ ಗಾಳಿ ಮೂರನೆಯ ಕಡೆ. ಒಂದೊಂದನ್ನೂ ಬಿಡಿಯಾಗಿ ನೋಡಿದವನು 'ಸದ್ಯಕ್ಕೆ ಇರ್ಲಿ' ಅಂದಿದ್ದರೆ ಅವನನ್ನು ದೂರುವುದು ಕಷ್ಟ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಜಾಗ ಎಲ್ಲಿತ್ತು ಅನ್ನುವುದು ನನ್ನ ಪ್ರಶ್ನೆ. ಮತ್ತೆ ಅದು ನನ್ನಂಥವರಿಗೇ ಬರುವ ಪ್ರಶ್ನೆ, ಯಾಕೆಂದರೆ ಈಗ ಆ ಜಾಗ ಅಂದರೆ ನಾವು ಬರೆಯುವ ಸ್ಕ್ರೀನ್.

*

ನಮ್ಮ ಸ್ಕ್ರೀನ್‌ನಲ್ಲಿ ಏನಿದೆ ಅಂದರೆ, ಒಂದು ವಿನಾಯಿತಿ ತೆರೆದರೆ ಒಂದೇ ವಿನಾಯಿತಿ ಕಾಣುತ್ತದೆ. ಅದೇ ಪ್ಲಾಟ್‌ಫಾರ್ಮಿನಲ್ಲಿ ಇನ್ನೆಷ್ಟು ತೆರೆದಿವೆ ಅಂತ ನೋಡಬೇಕಾದರೆ ಹೊರಗೆ ಬಂದು ರಿಪೋರ್ಟ್ ಪುಟಕ್ಕೆ ಹೋಗಿ ಫಿಲ್ಟರ್ ಹಾಕಬೇಕು. ಯಾರೂ ಹಾಕುವುದಿಲ್ಲ. ಹಾಕುವುದಿಲ್ಲ ಅಂತ ನಮಗೆ ಲಾಗ್ ನೋಡಿಯೇ ಗೊತ್ತು.

ಹೋದ ವರ್ಷ ಆ ಕಂಪನಿಯ ಮ್ಯಾನೇಜರುಗಳಿಗೆ ಒಂದು ಡ್ಯಾಶ್‌ಬೋರ್ಡ್ ಮಾಡಿಕೊಟ್ಟೆವು. ಅವಧಿ ಮೀರಿದ ವಿನಾಯಿತಿಗಳೆಲ್ಲ ಕೆಂಪಗೆ ಕಾಣಬೇಕು ಅಂತ. ಕಂಡವು. ತಿಂಗಳ ಕೊನೆಗೆ ಆ ಕೆಂಪು ಸಂಖ್ಯೆ ಅವರವರ ಕೆಲಸದ ಅಂಕಕ್ಕೆ ಸೇರತೊಡಗಿತು. ಅಲ್ಲಿಂದ ಶುರುವಾಯಿತು ನೋಡಿ, ಕೆಂಪನ್ನು ಹಸಿರು ಮಾಡುವ ದಾರಿಗಳ ಹುಡುಕಾಟ. ಮೊದಲು 'ವಿಸ್ತರಿಸಿ' ಅನ್ನುವ ಗುಂಡಿ ಕೇಳಿದರು. ನಾನೇ ಬರೆದೆ. ಕಾರಣ ಬರೆಯುವುದು ಕಡ್ಡಾಯ ಮಾಡೋಣ ಅಂತ ಮೀಟಿಂಗಿನಲ್ಲಿ ವಾದ ಮಾಡಿ, ಕನಿಷ್ಠ 20 ಅಕ್ಷರ ಇರಲೇಬೇಕು ಅಂತ ಮಾಡಿಸಿದೆ. ಅವತ್ತು ನನಗೆ ದೊಡ್ಡ ಸಾಧನೆ ಮಾಡಿದ ಹೆಮ್ಮೆ. ಎರಡು ತಿಂಗಳು ಬಿಟ್ಟು ಡೇಟಾ ನೋಡಿದರೆ ಕಾರಣದ ಜಾಗದಲ್ಲಿ ಇಪ್ಪತ್ತು ಚುಕ್ಕಿ. ಸರಿಯಾಗಿ ಇಪ್ಪತ್ತು. ಇನ್ನು ಕೆಲವರು ಹಳೇ ಕಾರಣವನ್ನೇ ಕಾಪಿ ಹೊಡೆದಿದ್ದರು, 'ಬಿಡಿಭಾಗ ಮುಂದಿನ ವಾರ ಬರುತ್ತದೆ' ಅಂತ. ಆ ಮುಂದಿನ ವಾರ ಬರಲೇ ಇಲ್ಲ.

ನಮ್ಮ ಕಡೆ ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ದೆವ್ವ ಬಂದು ಓದಿ ವಾಪಸು ಹೋಗಲಿ ಅಂತ, ಅದು ನೆನಪಾಗಿ ಒಬ್ಬನೇ ನಕ್ಕೆ. ಬರೆದವರಾದರೂ ದೆವ್ವಕ್ಕೆ ಹೆದರಿ ಬರೆದಿದ್ದರು. ಇಲ್ಲಿ ಅದೂ ಇಲ್ಲ.

ಈಗಿನ ಟಿಕೆಟ್‌ನಲ್ಲಿ ಆ ಚುಕ್ಕಿ ಇಡುವ ಶ್ರಮವನ್ನೂ ತಪ್ಪಿಸಿ ಅಂತ ಕೇಳಿದ್ದಾರೆ. ಸುಮ್ಮನಿದ್ದರೆ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದು ಹೆಣ್ಣು ನೋಡಲು ಹೋದಾಗಲೇ ಸರಿಯಲ್ಲ ಅನ್ನುವ ಕಾಲ ಇದು. ಗ್ಯಾಸ್ ಡಿಟೆಕ್ಟರ್ ಆಫ್ ಮಾಡಿಟ್ಟ ಜಾಗದಲ್ಲಿ ಸರಿಯೇ?

*

ನನ್ನ ಹಾಸ್ಟೆಲ್ ರೂಮ್‌ಮೇಟ್ ಒಬ್ಬ, ಪುತ್ತೂರಿನವನು, ಮೆಕ್ಯಾನಿಕಲ್ ಓದಿ ಈಗ ಕಡಲಿನ ರಿಗ್ ಒಂದರಲ್ಲಿದ್ದಾನೆ. ಇಪ್ಪತ್ತೆಂಟು ದಿನ ನೀರಿನ ಮೇಲೆ, ಇಪ್ಪತ್ತೆಂಟು ದಿನ ಮನೆಯಲ್ಲಿ. ಭಾನುವಾರ ಅವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ಮೆಚ್ಚುತ್ತಾನೆ ಅಂದುಕೊಂಡಿದ್ದೆ. ಸರಿಯಾಗಿ ಬೈದ.

"ನೀವು ಎಸಿಯಲ್ಲಿ ಕೂತವರು ಒಂದೊಂದು ಬಾಕ್ಸ್ ಸೇರಿಸ್ತಾ ಹೋಗಿ ಮಾರಾಯ. ಅರ್ಧ ಇಂಚಿನ ವಾಲ್ವ್ ಬದಲಾಯಿಸ್ಲಿಕ್ಕೆ ನಾಲ್ಕು ದಿನ ಸಹಿ ಕಾಯ್ಬೇಕು ಅಂತ ಆದ್ರೆ ಜನ ಏನು ಮಾಡ್ತಾರೆ ಗೊತ್ತುಂಟಾ? ಇದು ಬದಲಾವಣೆಯೇ ಅಲ್ಲ, ಹಳತರ ಹಾಗೇ ಇರುವ ಹೊಸತು ಅಂತ ಬರೆದು ಹಾಕಿ ಮುಗಿಸ್ತಾರೆ. ಆಗ ನಿನ್ನ ಸಾಫ್ಟ್‌ವೇರಿಗೆ ಅದು ಬರುವುದೇ ಇಲ್ಲ. ಕೆಂಪೂ ಇಲ್ಲ, ಹಸಿರೂ ಇಲ್ಲ."

ಅವನ ಮಾತು ನಿಜ. ಒಂದೇ ಜಾತಿಯ ವಸ್ತುವಿನಿಂದ ಬದಲಿಸಿದರೆ ಎಮ್‌ಒಸಿ ಬೇಡ ಅನ್ನುವ ನಿಯಮ ಎಲ್ಲ ಕಡೆ ಇದೆ, ಇರಲೂಬೇಕು, ಇಲ್ಲದಿದ್ದರೆ ಬೋಲ್ಟ್ ಬಿಗಿಯಲೂ ಅರ್ಜಿ ಬೇಕಾಗುತ್ತದೆ. ಆ ಕಿಂಡಿಯಲ್ಲಿ ಎಷ್ಟೋ ಆನೆಗಳು ದಾಟುತ್ತವೆ ಅಂತ ಅವನು ಹೇಳುತ್ತಿದ್ದದ್ದು. ಆದ್ದರಿಂದ ವಿನಾಯಿತಿಯೇ ಕೂಡದು ಅನ್ನುವವರ ಜೊತೆ ನಾನಿಲ್ಲ. ವಿನಾಯಿತಿ ಕೊಡದ ನಿಯಮವನ್ನು ಜನ ಮುರಿಯುತ್ತಾರೆ, ಕೇಳಿ ಮುರಿಯುವುದಕ್ಕಿಂತ ಕೇಳದೆ ಮುರಿಯುವುದು ಹೆಚ್ಚು ಅಪಾಯ. ಮೊದಲ ಸಲ ಕೇಳುವುದು ಸುಲಭ ಇರಲಿ. ಸಣ್ಣ ವಾಲ್ವಿಗೆ ಒಂದು ಗಂಟೆಯಲ್ಲಿ ಉತ್ತರ ಸಿಗಲಿ, ರಿಗ್ ಮೇಲೇ ಇರುವವರು ಕೊಡಲಿ.

ನನ್ನ ತಕರಾರು ಎರಡನೆಯ ಸಲದ್ದು. ಬೆಂಕಿ, ಅನಿಲ ಪತ್ತೆಹಚ್ಚುವುದನ್ನೋ ಬಾವಿಯ ಬಾಯಿ ಕಟ್ಟುವುದನ್ನೋ ಆಫ್ ಮಾಡಿಟ್ಟ ವಿನಾಯಿತಿ ಮುಗಿಯಿತು ಅಂದರೆ ಮುಗಿಯಬೇಕು. ಯಾರೂ ಉತ್ತರ ಕೊಡಲಿಲ್ಲ ಅಂದರೆ ಉತ್ತರ 'ಇಲ್ಲ' ಅಂತಲೇ ಆಗಬೇಕು, ಅದನ್ನು ನಂಬಿ ನಡೆಯುತ್ತಿದ್ದ ಕೆಲಸ ನಿಲ್ಲಬೇಕು. ಮತ್ತೆ ಬೇಕಿದ್ದರೆ ಮೊದಲು ಒಪ್ಪಿದವನಲ್ಲ, ಅವನ ಮೇಲಿನವನು ಒಪ್ಪಬೇಕು. ಮೂರನೆಯ ಸಲಕ್ಕೆ ಇನ್ನೂ ಮೇಲಿನವನು. ಹೀಗೆ ಏರುತ್ತಾ ಹೋದರೆ 'ಮುಂದಿನ ವಾರ ಬರುವ ಬಿಡಿಭಾಗ' ತಾನಾಗಿ ಬರುತ್ತದೆ, ನೋಡಿ ಬೇಕಾದರೆ! ಇನ್ನು ಒಪ್ಪಿಗೆಯ ಗುಂಡಿ ಇರುವ ಪುಟದಲ್ಲೇ, ಗುಂಡಿಯ ಮೇಲ್ಗಡೆ, ಅದೇ ಪ್ಲಾಟ್‌ಫಾರ್ಮಿನಲ್ಲಿ ಈಗ ತೆರೆದಿರುವ ಉಳಿದೆಲ್ಲ ವಿನಾಯಿತಿಗಳೂ ಕಾಣಬೇಕು. ಕ್ರೇನ್ ಕೆಟ್ಟಿದೆ, ಅಲಾರಾಂ ತಡೆದಿದೆ, ಪಂಪು ಮ್ಯಾನ್ಯುಯಲ್‌ನಲ್ಲಿದೆ... ಇವನ್ನು ಓದಿ ದಾಟಿಯೇ ಅವನು ಗುಂಡಿ ಒತ್ತಲಿ.

2010ರ ಅಕ್ಟೋಬರ್‌ನಲ್ಲಿ ಅಮೆರಿಕ ತನ್ನ ಕಡಲಿನ ಬಾವಿಗಳಿಗೆ ಎಮ್‌ಒಸಿಯನ್ನು ಕಡ್ಡಾಯ ಮಾಡಿತು, ಹನ್ನೊಂದು ಜನ ಹೋದ ಮೇಲೆ. ನಿಯಮಗಳು ಈಗ ಕಾಗದದಲ್ಲಿ ಸಾಕಷ್ಟಿವೆ. ಆದರೆ ಆ ನಿಯಮ ರಾತ್ರಿ ಎರಡು ಗಂಟೆಗೆ ರಿಗ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ತೀರ್ಮಾನಿಸುವುದು ನನ್ನ ಹತ್ತು ಸಾಲಿನಲ್ಲಿರುವ ಡಿಫಾಲ್ಟ್. 'ರಿಕ್ವೈರ್‌ಮೆಂಟ್ ಬಂತು, ಬರೆದೆವು' ಅಂತ ಕೈತೊಳೆದುಕೊಳ್ಳುವುದು ನಮ್ಮ ಕಸುಬಿನ ಕೆಟ್ಟ ಚಾಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೈಪು ಬರೆದವನೂ ಕೇಳಿದ್ದನ್ನೇ ಬರೆದಿದ್ದ.

ಇದನ್ನೆಲ್ಲ ಚಿಕ್ಕದು ಮಾಡಿ, ಕೋಪ ತೆಗೆದು, ಇಂಗ್ಲಿಷಿನಲ್ಲಿ ಆ ಟಿಕೆಟ್‌ಗೆ ಕಾಮೆಂಟ್ ಹಾಕಿದ್ದೇನೆ. ಜೊತೆಗೆ ಒಂದು ಪಟ್ಟಿಯನ್ನೂ ಲಗತ್ತಿಸಿದ್ದೇನೆ. ಮೂರಕ್ಕಿಂತ ಹೆಚ್ಚು ಸಲ ವಿಸ್ತರಿಸಿದ ವಿನಾಯಿತಿಗಳು ಮತ್ತು ಪ್ರತಿಯೊಂದರ ಮುಂದೆ ಅವರೇ ಬರೆದ ಕಾರಣ, ಚುಕ್ಕಿಗಳ ಸಮೇತ. ಮ್ಯಾನೇಜರ್ ನಿನ್ನೆ ರಾತ್ರಿಯೇ ನೋಡಿ ಮೆಸೇಜ್ ಮಾಡಿದ್ದಾರೆ, "ಒಳ್ಳೇ ಪಾಯಿಂಟ್, ಆದ್ರೆ ಕಸ್ಟಮರ್ ಒಪ್ಪಲ್ಲ ಅನ್ಸುತ್ತೆ. ಸದ್ಯಕ್ಕೆ ಅವರು ಕೇಳಿದ ಹಾಗೆ ಮಾಡಿಬಿಡೋಣ, ಮುಂದಿನ ರಿಲೀಸ್‌ನಲ್ಲಿ ನೋಡೋಣ?" ಅಂತ.

ನಾನಿನ್ನೂ ಉತ್ತರ ಬರೆದಿಲ್ಲ. ಹನ್ನೊಂದು ಗಂಟೆಗೆ ಕಸ್ಟಮರ್ ಜೊತೆ ಕಾಲ್ ಇದೆ. ಪಟ್ಟಿಯ ಮೊದಲ ಸಾಲನ್ನು ಅವರೆದುರು ಓದಿ ಹೇಳಬೇಕು ಅಂತ ಇದ್ದೇನೆ.